ಹೋಳಿಗೆ ಊಟ ಇರಲಿ, ಪಟ್ಟಿ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ. ಹಳೆಯ ವಿದ್ಯಾರ್ಥಿಗಳ ಸಂಘ ಎಂದ ಕೂಡಲೇ ಕಣ್ಣಮುಂದೆ ಬರುವುದು ಶಾಮಿಯಾನ, ಶಾಲು, ಹೋಳಿಗೆ ಊಟ. ಊಟ ಬೇಡ ಎನ್ನುತ್ತಿಲ್ಲ. ಆದರೆ ಕರೆಯೋಲೆ ಕಳಿಸುವುದು ಯಾರಿಗೆ? ಪಟ್ಟಿ ಎಲ್ಲಿದೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಿಲಿಯಮ್ಸ್ ಕಾಲೇಜು ಅಂತ ಒಂದಿದೆ. ಬೆಟ್ಟಗಳ ನಡುವಿನ ಮೂಲೆಯೂರು. ಇಲ್ಲಿ ಹುಡುಗರು ಬರುವುದಿಲ್ಲ, ಕಾಲೇಜನ್ನೇ ಬೇರೆಡೆಗೆ ಸಾಗಿಸೋಣ ಎಂದರು ಅದರ ಅಧ್ಯಕ್ಷ ಮೂರ್. ಶಾಸನಸಭೆ ಒಪ್ಪಲಿಲ್ಲ. 1821ರಲ್ಲಿ ಅವರು ಒಂದಷ್ಟು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆಮ್‌ಹರ್ಸ್ಟ್ ಎಂಬ ಊರಿಗೆ ಹೊರಟೇಬಿಟ್ಟರು. ಕಾಲೇಜಿಗೆ ಬೀಗವೇ ಗತಿ ಎಂಬ ಮಾತು ಹಬ್ಬಿತು. ಆ ವರ್ಷದ ಪದವಿ ಪ್ರದಾನದ ಹೊತ್ತಿಗೆ ಹಳಬರು ಒಟ್ಟುಗೂಡಿ ಸಂಘ ಕಟ್ಟಿದರು. ಕಾಲೇಜು ಉಳಿಯಿತು, ಸಂಘ ಇಂದಿಗೂ ಇದೆ. ಅದಕ್ಕೂ ಮುಂಚೆ, 1792ರಲ್ಲೇ, ಅಲ್ಲಿನದೇ ಇನ್ನೊಂದು ಕಾಲೇಜು ಯೇಲ್‌ನವರು ಬ್ಯಾಚಿಗೊಬ್ಬ ಕಾರ್ಯದರ್ಶಿ ಎಂದು ಗೊತ್ತುಮಾಡಿದ್ದರು. ನಾವು ಮಾಡಬೇಕಾದದ್ದೂ ಅಷ್ಟೇ. ಬ್ಯಾಚಿಗೆ ಇಬ್ಬರಿರಲಿ, ಒಬ್ಬರು ವಿದೇಶಕ್ಕೆ ಹಾರಿದರೆ ಇನ್ನೊಬ್ಬರು. ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಪಟ್ಟಿ ತಿದ್ದಬೇಕು. ವಾಟ್ಸ್ಆ್ಯಪ್ ಗುಂಪು ಇದೆಯಲ್ಲ ಎನ್ನಬೇಡಿ. ನಂಬರ್ ಬದಲಾದವರು ಸದ್ದಿಲ್ಲದೆ ಉದುರಿಹೋಗುತ್ತಾರೆ.

ನಮ್ಮಲ್ಲಿ ಪಟ್ಟಿ ಕೆಡುವುದು ಹೆಸರಿನಿಂದ. ಅಂಕಪಟ್ಟಿಯಲ್ಲಿ 'ಕೆ. ಎಸ್.' ಎಂದಿದ್ದವರು ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸುತ್ತಾರೆ. ಹೊರದೇಶದಲ್ಲಿ ಅಪ್ಪನ ಹೆಸರೇ ಅವರ ಹೆಸರಾಗುತ್ತದೆ. ಮದುವೆಯಾದ ಎಷ್ಟೋ ಹೆಣ್ಣುಮಕ್ಕಳ ಇನಿಷಿಯಲ್ಲೂ ಬದಲು. ಆದ್ದರಿಂದ ಹೆಸರನ್ನು ನೆಚ್ಚಬೇಡಿ, ರಿಜಿಸ್ಟರ್ ನಂಬರಿನ ಮೇಲೆ ಪಟ್ಟಿ ಕಟ್ಟಿ. ಕಾಲೇಜು ಕೊಟ್ಟ ಇಮೇಲ್ ಓದು ಮುಗಿದ ಮೇಲೆ ಮುಚ್ಚಿಹೋಗಬಹುದು, ಸ್ವಂತದ್ದನ್ನೇ ಬರೆಸಿಕೊಳ್ಳಿ. ಜೊತೆಗೆ ತಂದೆತಾಯಿಯ ಮನೆ ವಿಳಾಸ. ಮಕ್ಕಳು ಎಲ್ಲಿದ್ದರೂ ಅಮ್ಮನಿಗೆ ಗೊತ್ತಿರುತ್ತದೆ. ಇಷ್ಟನ್ನೂ ಪದವಿ ಪತ್ರ ಕೈಗೆ ಕೊಡುವ ಮೊದಲೇ ಬರೆಸಿ. ಕೊಟ್ಟ ಮೇಲೆ ಯಾರೂ ಫಾರಂ ತುಂಬುವುದಿಲ್ಲ, ಸ್ವಾಮಿ!

ಸಮಯ ಮುಗಿಯುತ್ತಿದೆ, ನೋಂದಣಿಯ ಮಾತು ಬೇಗ ಹೇಳುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಮಂದಿ ಸಾಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಕೇಳುವುದೂ ನೋಂದಾಯಿತ ಸಂಘವನ್ನೇ. ಇನ್ನು ದೇಣಿಗೆ. ವಿದೇಶಿ ಪೌರತ್ವ ಪಡೆದವರ ಹಣ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಅಲ್ಲಿನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಆ ತೊಡಕಿಲ್ಲ. ಹಾಗಾಗಿ ಪಟ್ಟಿಯಲ್ಲಿ ಪೌರತ್ವಕ್ಕೂ ಒಂದು ಕಲಂ ಬಿಡಿ. ನಮಸ್ಕಾರ.