ಸೆಕೆಂಡ್ ಹ್ಯಾಂಡ್ ಕಾರು: ಮಾರುವವರು ಆಡಿದ ಮಾತಿಗೆ ಎಷ್ಟು ಬೆಲೆ?

ಎಲ್ಲರಿಗೂ ನಮಸ್ಕಾರ.

ಹಳೇ ಕಾರು ತಗೊಂಡು ಮೋಸಹೋದವರು ಕೇಳುವ ಮೊದಲ ಪ್ರಶ್ನೆ, "ದುಡ್ಡು ವಾಪಸ್ ಬರುತ್ತಾ?" ಅದಕ್ಕೆ ಉತ್ತರ ಹೇಳುವ ಮೊದಲು ಇನ್ನೊಂದು ವಿಷಯ ಗೊತ್ತಾಗಬೇಕು. ಮಾರುವಾಗ ಅವರು ಏನು ಹೇಳಿದ್ದರು? ಕೇಸು ನಿಲ್ಲುವುದು ಬಿಡುವುದು ಬಹುಮಟ್ಟಿಗೆ ಆ ಮಾತಿನ ಮೇಲೆ.

ಇವತ್ತು ಡೀಲರ್‌ಗಳ ವಿಷಯ ಬೇಡ. ತಾವು ಓಡಿಸಿದ ಕಾರನ್ನು ತಾವೇ ಮಾರುವವರ ಬಗ್ಗೆ ಮಾತ್ರ ಮಾತಾಡೋಣ. ಇಲ್ಲಿ ತುಂಬಾ ಜನ ಸೀದಾ ಗ್ರಾಹಕರ ಆಯೋಗಕ್ಕೆ ಹೋಗಿ ಸುಮ್ನೆ ತಿಂಗಳುಗಟ್ಟಲೆ ಕಳೆಯುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತದೆ. ಸ್ವಂತ ಕಾರನ್ನು ಒಂದು ಸಲ ಮಾರಿದವರು ವ್ಯಾಪಾರಿ ಅಲ್ಲ. ನಮ್ಮ ದಾರಿ ಸಿವಿಲ್ ಕೋರ್ಟ್. ಕೈಯಲ್ಲಿರುವುದು ಎರಡು ಹಳೆಯ ಕಾಯ್ದೆ: 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ.

ಮೊದಲು ಕಹಿ ಸುದ್ದಿ. ಸರಕು ಮಾರಾಟ ಕಾಯ್ದೆಯ 16ನೇ ಕಲಂ ಪ್ರಕಾರ, ವ್ಯಾಪಾರಿಯಲ್ಲದವರು ಮಾರಿದ ವಸ್ತುವಿನ ಗುಣಮಟ್ಟಕ್ಕೆ ತಾನಾಗಿ ಯಾವ ಗ್ಯಾರಂಟಿಯೂ ಇರುವುದಿಲ್ಲ. ಮೂರನೇ ದಿನಕ್ಕೆ ಕ್ಲಚ್ ಹೋಯಿತು, ಅವರು ಅದರ ಬಗ್ಗೆ ಏನೂ ಹೇಳಿರಲಿಲ್ಲ ಅಂದರೆ, ಆ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಆದರೆ 15ನೇ ಕಲಂ ಬೇರೆ. ವಿವರ ಕೊಟ್ಟು ಮಾರಿದರೆ ವಸ್ತು ಆ ವಿವರಕ್ಕೆ ಹೊಂದಲೇಬೇಕು. ಮಾರುವವರು ಡೀಲರ್ ಆಗಿರಲಿ, ಪಕ್ಕದ ಮನೆಯವರಾಗಿರಲಿ, ವ್ಯತ್ಯಾಸವಿಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 1967ರ ಇಂಗ್ಲೆಂಡಿನ ಒಂದು ತೀರ್ಪು. ನಮ್ಮ ಕಾಯ್ದೆ ಅಲ್ಲಿಯ ಕಾನೂನಿನ ಮಾದರಿಯಲ್ಲೇ ಬರೆದದ್ದು. ಒಬ್ಬರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು: ಬಿಳಿ ಬಣ್ಣದ ಹೆರಾಲ್ಡ್ ಕಾರು, 1961ರದ್ದು. ಕೊಳ್ಳುವವರು ಹೋಗಿ ಕಣ್ಣಾರೆ ನೋಡಿದರು. ಹಿಂಭಾಗದಲ್ಲಿ '1200' ಅಂತ ಮಾಡೆಲ್ ಹೆಸರಿನ ಬಿಲ್ಲೆಯೂ ಇತ್ತು. ತಗೊಂಡರು. ಆಮೇಲೆ ಗ್ಯಾರೇಜಿನವರು ನೋಡಿದರೆ, ಅದು ಒಂದು ಕಾರೇ ಅಲ್ಲ! ಹಿಂದಿನ ಅರ್ಧ 1961ರ ಕಾರಿನದ್ದು, ಮುಂದಿನ ಅರ್ಧ ಅದಕ್ಕಿಂತ ಹಳೆಯ ಮಾಡೆಲ್‌ನದ್ದು. ಎರಡನ್ನೂ ಸೇರಿಸಿ ವೆಲ್ಡ್ ಮಾಡಿದ್ದರು. ಮಾರಿದವರಿಗೂ ಇದು ಗೊತ್ತಿರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಕೊಂಡವರು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ನೀವೇ ನೋಡಿ ತಗೊಂಡಿರಲ್ಲ ಅನ್ನುವ ವಾದ ಅಲ್ಲಿ ನಡೆಯಲಿಲ್ಲ.

ಮಾಡೆಲ್, ವರ್ಷ, ಇವು ಕಾರಿನ ವಿವರ. "40,000 ಕಿಲೋಮೀಟರ್ ಓಡಿದೆ", "ಆಕ್ಸಿಡೆಂಟ್ ಆಗಿಲ್ಲ", "ನೀರಿಗೆ ಸಿಕ್ಕಿಲ್ಲ" ಇಂಥ ಮಾತುಗಳಿಗೆ ಕರಾರು ಕಾಯ್ದೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗೊತ್ತಿದ್ದೂ ಸುಳ್ಳು ಹೇಳಿದರೆ 17ನೇ ಕಲಂ, ಅದು ವಂಚನೆ. ನಿಜ ಅಂತ ನಂಬಿಯೇ ತಪ್ಪು ಹೇಳಿದರೆ 18ನೇ ಕಲಂ. ಎರಡರಲ್ಲೂ ಕರಾರು ರದ್ದು ಮಾಡುವ ಹಕ್ಕು 19ನೇ ಕಲಂನಲ್ಲಿದೆ. ಬರೀ "ಗಾಡಿ ಸೂಪರ್ ಆಗಿದೆ" ಅಂದರೆ ಅದು ಹೊಗಳಿಕೆ ಅಷ್ಟೇ. ಅದರ ಮೇಲೆ ಕೇಸು ನಿಲ್ಲುವುದು ಕಷ್ಟ.

ಸುಮ್ಮನಿದ್ದರೆ? ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆ ಅಲ್ಲ. ಆದರೆ ದೋಷವನ್ನು ಬೇಕಂತಲೇ ಮುಚ್ಚಿಟ್ಟರೆ ವಂಚನೆಯೇ. ತುಕ್ಕು ಹಿಡಿದ ಕಡೆ ಪುಟ್ಟಿ ಹಚ್ಚಿ ಬಣ್ಣ ಹೊಡೆಯುವುದು, ಮೀಟರ್ ಹಿಂದಕ್ಕೆ ತಿರುಗಿಸುವುದು, ಇದೆಲ್ಲ ಬಾಯಿ ಬಿಡದೆ ಹೇಳಿದ ಸುಳ್ಳು.

19ನೇ ಕಲಂನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರು ತಿಳಿಯದೆ ತಪ್ಪು ಹೇಳಿದ್ದರೆ, ಸ್ವಲ್ಪ ವಿಚಾರಿಸಿದ್ದರೂ ನಿಮಗೆ ನಿಜ ಗೊತ್ತಾಗುತ್ತಿತ್ತು ಎಂದಾದರೆ, ಕರಾರು ರದ್ದಾಗುವುದಿಲ್ಲ. ಬಾಯಿಬಿಟ್ಟು ಬೇಕಂತಲೇ ಸುಳ್ಳು ಹೇಳಿದವರಿಗೆ ಈ ರಕ್ಷಣೆ ಇಲ್ಲ. "ನೀನೇ ಚೆಕ್ ಮಾಡಬೇಕಿತ್ತು" ಅಂತ ಅವರು ಹೇಳುವ ಹಾಗಿಲ್ಲ. ಈ ನಿಯಮ ನನಗೆ ತುಂಬಾ ನ್ಯಾಯವಾಗಿ ಕಾಣುತ್ತದೆ. ಹಾಗಂತ ನೋಡದೆ ತಗೋಬೇಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ನೆರೆನೀರಿಗೆ ಸಿಕ್ಕ ಕಾರಾದರೆ ಸೀಟು ತೊಳೆದಿರುತ್ತಾರೆ, ಆದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರಬಹುದು. ಆರ್‌ಸಿಯಲ್ಲಿ ಲೋನ್ ನಮೂದಾಗಿದೆಯಾ ಅಂತಲೂ ನೋಡಿ. ಹೇಳದೆ ಲೋನ್ ಇರುವ ಗಾಡಿ ಮಾರಿದರೆ ಸರಕು ಮಾರಾಟ ಕಾಯ್ದೆಯ 14ನೇ ಕಲಂ ಪ್ರಕಾರ ಅವರು ಹೊಣೆ.

ಮೋಸ ಗೊತ್ತಾದ ದಿನವೇ ಕಾರು ಓಡಿಸುವುದನ್ನು ನಿಲ್ಲಿಸಿ. ಇದನ್ನು ಒತ್ತಿ ಹೇಳುತ್ತೇನೆ. ಗೊತ್ತಾದ ಮೇಲೂ ಓಡಿಸುತ್ತಾ ಹೋದರೆ ಒಪ್ಪಿಕೊಂಡಿದ್ದೀರಿ ಎಂದಾಗಬಹುದು. ಆಗ ವಾಪಸ್ ಕೊಡುವ ಹಕ್ಕು ತಪ್ಪಿ, ಪರಿಹಾರ ಕೇಳುವುದೊಂದೇ ಉಳಿಯುತ್ತದೆ. ರಿಪೇರಿಗೂ ಮುಂಚೆ ಫೋಟೋ ತೆಗೆಸಿ, ಮೆಕ್ಯಾನಿಕ್ ಹತ್ತಿರ ಬರಹದಲ್ಲಿ ವರದಿ ತಗೊಳ್ಳಿ. ಜಾಹೀರಾತು, ವಾಟ್ಸ್ಯಾಪ್ ಮೆಸೇಜ್ ಡಿಲೀಟ್ ಮಾಡಬೇಡಿ, ಆ ಮೆಸೇಜ್ ಇರುವ ಫೋನನ್ನೂ ಸಾಕ್ಷಿಗೆ ಇಟ್ಟುಕೊಳ್ಳಿ. ಆಮೇಲೆ ಲೀಗಲ್ ನೋಟಿಸ್ ಕೊಡಿ. ದಾವೆಗೆ ಸಾಮಾನ್ಯವಾಗಿ 3 ವರ್ಷ ಸಮಯವಿದೆ. ವಂಚನೆಯಾದರೆ ಅದು ಗೊತ್ತಾದ ದಿನದಿಂದ ಲೆಕ್ಕ. ಮೊದಲಿನಿಂದಲೂ ಮೋಸದ ಉದ್ದೇಶವಿತ್ತು ಅನ್ನುವುದಾದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಪೊಲೀಸ್ ದೂರೂ ಕೊಡಬಹುದು. ಆದರೆ ದುಡ್ಡು ವಸೂಲಿಗೆ ಅದೊಂದನ್ನೇ ನಂಬಿ ಕೂರಬೇಡಿ.

ಇನ್ನೂ ಕಾರು ತಗೊಳ್ಳದವರು ಮಾರಾಟದ ಪತ್ರದಲ್ಲಿ ಎರಡು ಸಾಲು ಸೇರಿಸಿ: "ಈ ಕಾರು ಇಷ್ಟು ಕಿಲೋಮೀಟರ್ ಓಡಿದೆ. ದೊಡ್ಡ ಅಪಘಾತಕ್ಕಾಗಲಿ, ನೆರೆಗಾಗಲಿ ಸಿಕ್ಕಿಲ್ಲ." ಕೆಳಗೆ ಅವರ ಸಹಿ ಇರಲಿ. ಸಹಿ ಮಾಡಲು ಹಿಂದೆಮುಂದೆ ನೋಡಿದರೆ, ನಾನಾದರೆ ಆ ಕಾರು ಬಿಟ್ಟು ಬರುತ್ತೇನೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.