ಅಳತೆ ತಪ್ಪದ ಇಂಗಾಲ

ನಮಸ್ಕಾರ. ‘ಬಿಗ್ ಬ್ಯಾಂಗ್’ ಎಂಬ ಹೆಸರು ಹುಟ್ಟಿದ್ದು ಇಂಥದೇ ಒಂದು ಬಾನುಲಿ ಭಾಷಣದಲ್ಲಿ. 1949ರಲ್ಲಿ, ಬಿಬಿಸಿಯಲ್ಲಿ. ಹೇಳಿದವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್. ವಿಶ್ವಕ್ಕೊಂದು ಆರಂಭವಿತ್ತು ಎಂಬುದನ್ನೇ ಅವರು ಒಪ್ಪುತ್ತಿರಲಿಲ್ಲ. ಒಪ್ಪದ ಸಿದ್ಧಾಂತಕ್ಕೆ ತಾವೇ ನಾಮಕರಣ ಮಾಡಿಬಿಟ್ಟರು. ಪುಣೆಗೆ ಅವರು ತೀರ ಹೊರಗಿನವರಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಆಯುಕಾ ಎಂಬ ಖಗೋಳ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಜಯಂತ ನಾರಳೀಕರ್ ಅವರ ಗುರು.

ನನ್ನ ಗೆಳೆಯರೊಬ್ಬರಿದ್ದಾರೆ. ಧಾರವಾಡದವರು, ಮಾಧ್ವರು, ಪಿಂಪ್ರಿಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರಗಳ ನಡುವೆ ಕಳೆದವರು. ಭಾನುವಾರ ಬೆಳಿಗ್ಗೆ ಪರ್ವತಿ ಗುಡ್ಡ ಹತ್ತುವಾಗ ನಮ್ಮಿಬ್ಬರಿಗೂ ದೇವರದೇ ಜಗಳ. ಮೊನ್ನೆ ಅವರು ಹಾಯ್ಲ್ ಅವರನ್ನೇ ಸಾಕ್ಷಿಗೆ ಕರೆತಂದರು.

ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ಪರಮಾಣು ಬೀಜಗಳು ಕೂಡಿ ಇಂಗಾಲವಾಗಬೇಕು. ಸಾಧಾರಣ ಲೆಕ್ಕದಲ್ಲಿ ಅದು ತೀರ ಅಪರೂಪ. ಆದರೆ ಇಂಗಾಲವಿಲ್ಲದೆ ನಾವಿಲ್ಲ. ಹಾಗಾದರೆ ಇಂಗಾಲದ ಬೀಜಕ್ಕೆ ಈ ಕೂಡಿಕೆಯನ್ನು ಸುಲಭವಾಗಿಸುವ ಇಂಥದೇ ಒಂದು ಶಕ್ತಿಮಟ್ಟ ಇರಲೇಬೇಕೆಂದು ಹಾಯ್ಲ್ 1953ರಲ್ಲಿ ಹಟ ಹಿಡಿದರು. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಡುಕಿದರು, ಇತ್ತು! ಸುಮಾರು 76.5 ಲಕ್ಷ ಎಲೆಕ್ಟ್ರಾನ್ ವೋಲ್ಟ್.

“ಇಂಥ ಅಳತೆ ಕೂರಿಸುವವನಿಲ್ಲದೆ ಕೂತೀತೇ?” ಎಂದರು ಗೆಳೆಯರು.

“ಕಾರ್ಖಾನೆಯ ಹಿತ್ತಲಿನ ಗುಜರಿ ರಾಶಿ ಮರೆತುಹೋಯಿತೇ?” ಎಂದೆ. “ಅಳತೆ ತಪ್ಪಿದ ವಿಶ್ವಗಳು ಎಷ್ಟು ಬಿದ್ದಿವೆಯೋ! ಅಲ್ಲಿ ವಾದ ಮಾಡಲು ಯಾರೂ ಹುಟ್ಟಲಿಲ್ಲ, ಅಷ್ಟೆ.”

“ಗುಜರಿಯಾಗಬೇಕಾದರೂ ಲೇತ್ ಬೇಕಲ್ಲ.”

ಒಳ್ಳೆಯ ಏಟು. ನನ್ನ ಗುಜರಿಯನ್ನು ಯಾರೂ ಕಂಡಿಲ್ಲ. ಅವರ ಲೇತನ್ನೂ ಕಂಡಿಲ್ಲ. ನನಗೆ ಕಿರಿಕಿರಿಯಾಗುವುದು ವಿಜ್ಞಾನವನ್ನು ಕಟಕಟೆಗೆ ಎಳೆದು ತಮ್ಮ ಪರವಾಗಿ ನುಡಿಸುವ ಆತುರದಿಂದ. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಮೊದಲಿತ್ತು ಎಂದ ಬೆಲ್ಜಿಯಂನ ವಿಜ್ಞಾನಿ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ವಿಜ್ಞಾನದಲ್ಲಿ ಸೃಷ್ಟಿಯ ಸಾಕ್ಷ್ಯ ಕಂಡಾಗ ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ಇತ್ತ ನಾಸ್ತಿಕ ಹಾಯ್ಲ್, ಯಾವುದೋ ಮಹಾಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದಂತಿದೆ ಎಂದು ಮುಂದೆ ಬರೆದರು. ಪಾದ್ರಿ ಬಾಗಿಲು ಹಾಕಿದರು, ನಾಸ್ತಿಕ ತೆರೆದರು. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತೀರಿ?

ಇಳಿಯುವಾಗ ಮಾತು ಸ್ವಾತಂತ್ರ್ಯಕ್ಕೆ ತಿರುಗಿತು. ಅವನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಎಂದರು. ಜೀವನಿಗೆ ಕರ್ತೃತ್ವ ಉಂಟು, ಆದರೆ ಅದು ಹರಿಯ ಅಧೀನ. ನಾನು ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗವನ್ನು ಹೇಳಿದೆ. ಕೈ ಅಲುಗಿಸಬೇಕೆಂಬ ಇಚ್ಛೆ ನಮ್ಮ ಅರಿವಿಗೆ ಬರುವ ಮೊದಲೇ, ಸೆಕೆಂಡಿನ ಸುಮಾರು ಮೂರನೇ ಒಂದು ಭಾಗದಷ್ಟು ಮುಂಚೆ, ಮೆದುಳಿನಲ್ಲಿ ಸಿದ್ಧತೆ ಶುರುವಾಗಿರುತ್ತದೆ. ಗೆಳೆಯರಿಗೆ ಹಿಗ್ಗೋ ಹಿಗ್ಗು. “ಮೊದಲು ಮೆದುಳು ಎಂದಷ್ಟೇ ಸಿಕ್ಕಿದೆ, ಹರಿ ಎಂದಲ್ಲ” ಎಂದೆ. ಕೊನೆಯ ಗಳಿಗೆಯಲ್ಲಿ ಬೇಡವೆಂದು ತಡೆಯುವ ಶಕ್ತಿ ನಮಗುಳಿದಿದೆ ಎಂದು ಲಿಬೆಟ್ ನಂಬಿದ್ದರು.

ಗುಡ್ಡದ ಬುಡದಲ್ಲಿ ಬಿಸಿ ಜಿಲೇಬಿ. ಗೆಳೆಯರಿಗೆ ಸಕ್ಕರೆ ಕಾಯಿಲೆ. ಕೈ ಮುಂದೆ ಹೋಯಿತು, ನಿಂತಿತು, ಹಿಂದೆ ಬಂತು.

“ಈಗ ತಡೆದವರು ಯಾರು?” ಎಂದೆ.

“ನನ್ನ ಹೆಂಡತಿ” ಎಂದರು.