ಸೆಲ್ಫ್ ಹೊಡೆಯುವ ಮೊದಲು ಕೈಯಲ್ಲಿ ಎರಡು ಸುತ್ತು!

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಟೈಮಿಂಗ್ ಬೆಲ್ಟ್ (ಎಂಜಿನ್‌ನಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಹಲ್ಲಿನ ಬೆಲ್ಟ್) ಹಾಕುವ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರು, ಮಾರ್ಕಿಗೆ ಮಾರ್ಕ್ ಕೂತ್ರೆ ಮುಗೀತು. ಕೈಯಲ್ಲಿ ತಿರುಗಿಸೋದೆಲ್ಲ ಟೈಮ್‌ಪಾಸ್. ಸೆಲ್ಫ್ ಹೊಡಿ, ಸ್ಟಾರ್ಟ್ ಆದ್ರೆ ಸರಿ ಇದೆ ಅಂತ ಅರ್ಥ." ಅದಕ್ಕೆ ಲೈಕ್‌ಗಳು ಬೇರೆ, ರಾಶಿ ರಾಶಿ!

ಸ್ಟಾರ್ಟ್ ಆದರೆ ಸರಿ ಇದೆಯಂತೆ. ಸ್ವಾಮಿ, ಒಂದು ಹಲ್ಲು ತಪ್ಪಿದರೂ ಎಷ್ಟೋ ಎಂಜಿನ್ ಸ್ಟಾರ್ಟ್ ಆಗುತ್ತವೆ. ಲೆಕ್ಕ ಹಾಕಿ. ಕ್ರ್ಯಾಂಕ್ (ಪಿಸ್ಟನ್‌ಗಳಿಂದ ತಿರುಗುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದು ಸುತ್ತು. ಅದಕ್ಕೇ ಕ್ಯಾಮ್ ಗೇರಿಗೆ ಹಲ್ಲು ಡಬಲ್. ಕ್ರ್ಯಾಂಕಿಗೆ 20, ಕ್ಯಾಮಿಗೆ 40 ಹಲ್ಲು ಅಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪು. ಗಾಡಿ ಓಡುತ್ತದೆ, ಆದರೆ ಪಿಕಪ್ ಇಲ್ಲ, ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಓನರ್ ಪೆಟ್ರೋಲ್ ಬಂಕಿನವನನ್ನು ಬೈದುಕೊಂಡು ತಿರುಗುತ್ತಾನೆ.

ಮೊದಲ ಸಿಲಿಂಡರ್‌ನ ಪಿಸ್ಟನ್ ಟಾಪಿಗೆ ತನ್ನಿ. ಕ್ರ್ಯಾಂಕ್ ಮಾರ್ಕನ್ನು ಹೊರಗಿನ ಪುಲ್ಲಿಯಲ್ಲಿ ನೋಡಬೇಡಿ, ಒಳಗಿನ ಹಲ್ಲಿನ ಗೇರಿನಲ್ಲಿ ನೋಡಿ. ಕ್ಯಾಮ್ ಮಾರ್ಕ್ ಸೇರಿಸಿ. ಬೆಲ್ಟ್ ಹಾಕುವಾಗ ಟೆನ್ಷನರ್ (ಬೆಲ್ಟನ್ನು ಬಿಗಿ ಹಿಡಿಯುವ ರೋಲರ್) ಇಲ್ಲದ ಕಡೆ ಬಿಗಿಯಾಗಿರಲಿ, ಸಡಿಲ ಎಲ್ಲಾ ಟೆನ್ಷನರ್ ಕಡೆಗೆ ಬರಲಿ. ಆಮೇಲೆ ಟೆನ್ಷನರ್ ಬಿಡಿ. ಆಮೇಲೆ? ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು.

ಯಾಕೆ ಎರಡು? ಒಂದು ಸುತ್ತಿಗೆ ಕ್ಯಾಮ್ ಅರ್ಧ ದಾರಿಯಲ್ಲಿ ಇರುತ್ತದೆ. ಎರಡನೇ ಸುತ್ತಿಗೇ ಮಾರ್ಕುಗಳು ಮತ್ತೆ ಒಟ್ಟಿಗೆ ಬರುವುದು. ಅಷ್ಟರಲ್ಲಿ ಎಲ್ಲೋ ಅಡಗಿದ್ದ ಸಡಿಲ ಟೆನ್ಷನರ್ ಕಡೆಗೆ ಬಂದು ಬೀಳುತ್ತದೆ. ನಿಂತಾಗ ಸರಿ ಇದ್ದ ಮಾರ್ಕ್ ತಿರುಗಿದ ಮೇಲೆ ಒಂದು ಹಲ್ಲು ಜಾರಿರುವುದು ಗೊತ್ತಾಗುವುದು ಆಗಲೇ.

ಇನ್ನೊಬ್ಬರು ಬುದ್ಧಿವಂತರು: "ನಾನು ಎರಡು ಸುತ್ತು ತಿರುಗಿಸಿದೆ, ಬೆಲ್ಟ್ ಮೇಲಿನ ಬಿಳಿ ಗೆರೆ ಮತ್ತೆ ಸೇರಲಿಲ್ಲ, ನಿಮ್ಮ ಟ್ರಿಕ್ ಡೂಪು." ಅಣ್ಣಾ, ಬಿಳಿ ಗೆರೆ ಸೇರೋದಿಲ್ಲ! ಎರಡು ಸುತ್ತಿಗೆ 40 ಹಲ್ಲು ದಾಟುತ್ತದೆ. ಬೆಲ್ಟಿಗೆ ನೂರು ಚಿಲ್ಲರೆ ಹಲ್ಲು ಇದ್ದರೆ ಗೆರೆ ಎಲ್ಲೋ ವಾಟರ್ ಪಂಪ್ ಹತ್ತಿರ ಹೋಗಿ ಕೂತಿರುತ್ತದೆ. ಗೆರೆ ಇರುವುದು ಹಾಕುವಾಗ ನೋಡುವುದಕ್ಕೆ. ತಿರುಗಿಸಿದ ಮೇಲೆ ಗೇರಿನ ಮಾರ್ಕ್ ಮಾತ್ರ ನೋಡಿ. (ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಹಲ್ಲು ಎಣಿಸೋಕೆ ನಾನೇ ಹೇಳಿಕೊಡುತ್ತೇನೆ.)

ತಿರುಗಿಸುವಾಗ ಪ್ಲಗ್ ಬಿಚ್ಚಿಡಿ, ಕಂಪ್ರೆಷನ್ ತೊಂದರೆ ಕೊಡುವುದಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಉದ್ದನೆಯ ರ್ಯಾಚೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನಕ್ಕೆ ಎಳೆಯಿರಿ. ನಡುವೆ ಬಿಗಿಯಾಗಿ, ಆಮೇಲೆ ಕ್ಯಾಮ್ ತಾನೇ ಮುಂದಕ್ಕೆ ಒದ್ದ ಹಾಗೆ ಹಗುರ ಆಗುತ್ತದೆ. ಅದು ವಾಲ್ವ್ ಸ್ಪ್ರಿಂಗ್, ಹೆದರಬೇಡಿ. ಆದರೆ 'ಟಕ್' ಅಂತ ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತಿತಾ? ಅಲ್ಲೇ ನಿಲ್ಲಿಸಿ. ಪೈಪ್ ಸಿಕ್ಕಿಸಿ ಎಳೆಯಬೇಡಿ. ಪಿಸ್ಟನ್ ಮೇಲೆ ವಾಲ್ವ್ ಕೂತಿದೆ. ಕೈಗೆ ಸಿಕ್ಕಿದ್ದು ಅದೃಷ್ಟ. ಸೆಲ್ಫ್ ಮೋಟಾರ್ ನಿಮಿಷಕ್ಕೆ 200 ಸುತ್ತಿನ ಹತ್ತಿರ ತಿರುಗಿಸುತ್ತದೆ. ನೀವು ಕೀ ತಿರುಗಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಸುತ್ತು ಮುಗಿದು ವಾಲ್ವ್ ಬೆಂಡ್ ಆಗಿರುತ್ತದೆ. ಆಮೇಲೆ ಹೆಡ್ ಇಳಿಸಿ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಪಾರ್ಟ್ಸ್ ಹುಡುಕಿ, ಪಾರ್ಕಿಂಗಿಗೆ ಜಾಗ ಹುಡುಕಿ. ಪಾರ್ಕಿಂಗ್ ಸಿಗುವುದೇ ಕಷ್ಟ, ವಾಲ್ವ್ ಬೇಗ ಸಿಗುತ್ತದೆ.

"ನಮ್ಮದು ಚೈನ್ ಎಂಜಿನ್, ನಮಗೆ ಬೇಡ ಅಲ್ವಾ?" ಅಂತ ಕೇಳುತ್ತೀರಿ, ಗೊತ್ತು. ಚೈನ್ ಬಿಚ್ಚಿ ಹಾಕಿದರೂ ಅದೇ! ಎರಡು ಸುತ್ತು! "ನಮ್ಮ ಮೇಸ್ತ್ರಿ ಯಾವತ್ತೂ ತಿರುಗಿಸಿಲ್ಲ, ಏನೂ ಆಗಿಲ್ಲ." ಹೆಲ್ಮೆಟ್ ಹಾಕದವರೂ ಹೀಗೇ ಹೇಳುತ್ತಾರೆ. "ಅರ್ಜೆಂಟ್ ಇತ್ತು." ಏನು ಅರ್ಜೆಂಟ್? ಟೀ ಕುಡಿಯೋಕೆ ಟೈಮ್ ಇದೆ, ಬೀಡಿಗೆ ಟೈಮ್ ಇದೆ, ರ್ಯಾಚೆಟ್ ಎಳೆಯೋಕೆ ಮಾತ್ರ ಅರ್ಜೆಂಟ್!

ಹೊಸ ಬೆಲ್ಟನ್ನು ಮಡಚಿ ಜೇಬಿಗೆ ತುರುಕುವವರ ಬಗ್ಗೆಯೂ ಬೈಯಬೇಕಿತ್ತು. ಒಳಗೆ ಗಾಜಿನ ನಾರು ಇರುತ್ತದೆ, ಮಡಚಿದರೆ ಮುರಿಯುತ್ತದೆ. ಅದು ಬೇರೆ ವಿಡಿಯೋ. ಈಗ ಎರಡು ಸುತ್ತು. ಯಾಕೆ ಅಂದರೆ... ತಿರುಗಿಸಿ ಅಂದರೆ ತಿರುಗಿಸಿ, ಅಷ್ಟೇ! ಕಾರಣ ಹೇಳಿ ಹೇಳಿ ಗಂಟಲು ಒಣಗಿತು.

ಹಾಂ, 'ಎರಡು ಸುತ್ತು' ಅಂತ ಬರೆದ ಟೀ ಶರ್ಟ್ ಮಾಡಿಸಿದ್ದೇವೆ, ಕಪ್ಪು ಬಣ್ಣ, ಗ್ರೀಸ್ ಕಾಣಿಸೋದಿಲ್ಲ. ಲಿಂಕ್ ಕೆಳಗಿದೆ. ಎಕ್ಸೆಲ್ ಸೈಜ್ ಖಾಲಿ, ಕೇಳಬೇಡಿ.